ಚಿಗರಿ, ಹಂದಿ, ಮೊಲದ ಕಾಟಕ್ಕ ಮೊದಲ ಬಂದೂಕು ಯಾವುದು ತಗೋಬೇಕು? ಅನುಭವ ಇದ್ದೋರು ಹೇಳ್ರಿ

ಎಲ್ಲರಿಗೂ ಶರಣು. ನಮ್ಮದು ಬೀದರ ತಾಲೂಕು, ಹೊನ್ನಿಕೇರಿ ಕಾಡಿನ ಕಡೆ ಆರು ಎಕರೆ ಹೊಲ. ಈ ವರ್ಷ ಸೋಯಾ ಎರಡು ಸಲ ಬಿತ್ತೀನಿ. ಮೊದಲನೇ ಸಲ ಎರಡೆಲಿ ಒಡೆದಿತ್ತು ಅಷ್ಟೇ, ಚಿಗರಿ ಹಿಂಡು ಬಂದು ಸಾಲಿಗಿ ಸಾಲು ಮೇಯ್ದು ಹೋದ್ವು. ಬದುವಿನ ಕಡೆ ರಾತ್ರಿ ಹಂದಿ ಉರುಳಾಡ್ತಾವ. ಹಿಂಗಾರಿಯಾಗ ಕಡಲಿ ಹಾಕಿದ್ರ ಮೊಲ ಬಿಡಂಗಿಲ್ಲ. ನನಗ 24 ವರ್ಷ, ಬಂದೂಕು ಹಿಡಿದು ಗೊತ್ತಿಲ್ಲ. ಒಂಟಿ ನಳಿಗಿದು ತಗೊಳ್ಳಲೋ, ಏರ್ ಗನ್ ಸಾಕೋ? ಹಗುರ ಇರಬೇಕು, ರೊಕ್ಕ ಭಾಳ ಇಲ್ಲ.

ಭಾಲ್ಕಿಯಿಂದ:
ತಮ್ಮಾ, ಚಿಗರಿಗಿ ಬಂದೂಕು ಅಂತ ಬರೆದಿದ್ದನ್ನ ಮೊದಲು ತಲಿಯಿಂದ ತೆಗೆದುಬಿಡು. ಅದು ಕೃಷ್ಣಮೃಗ. ನಮ್ಮ ಊರಾಗ ಒಬ್ಬ ಹುಡುಗ ಅದರ ಕೇಸಿನಾಗ ಸಿಕ್ಕು ಮೂರು ವರ್ಷ ಕೋರ್ಟಿಗಿ ಅಡ್ಡಾಡ್ಯಾನ, ಒಂದು ಎಕರೆ ಮಾರ್ಯಾನ. ನಿನ್ನ ಸೋಯಾ ಹೋಗಿದ್ದು ಎಷ್ಟರದು, ವಕೀಲರಿಗಿ ಕೊಡೋದು ಎಷ್ಟು, ಲೆಕ್ಕ ಹಾಕಿ ನೋಡು.

ಆಳಂದದಿಂದ:
ನಮ್ಮ ಮನ್ಯಾಗ ಬಂದೂಕು ಇತ್ತು, ಅದಕ್ಕ ಬರೀತೀನಿ. ನಮ್ಮಪ್ಪನ ಹೆಸರಲ್ಲಿ ಲೈಸನ್ಸ್, ಬೆಳಿ ರಕ್ಷಣೆಗಂತ ಕೊಟ್ಟಿದ್ದು. 12 ಬೋರಿನ ಒಂಟಿ ನಳಿಗಿ, ನಡುವ ಮಡಚಿ ಕಾಡತೂಸು ಹಾಕೋದು. ಮೂರು ಕೆಜಿ ಆಸುಪಾಸು ತೂಕ. ಆರು ಎಕರೆ ಸುತ್ತ ರಾತ್ರಿ ಅದನ್ನ ಹೊತ್ತು ತಿರುಗು, ಆಮ್ಯಾಲ ಹಗುರ ಅಂತ ಹೇಳು. 12 ಬೋರ್ ಅಂದ್ರೇನು ಅಂತ ಭಾಳ ಮಂದಿಗಿ ಗೊತ್ತಿಲ್ಲ. ಒಂದು ಪೌಂಡ್ ಸೀಸಾದಾಗ ಒಂದೇ ಅಳತಿ 12 ಗುಂಡು ಮಾಡಿದ್ರ, ಅದರಾಗ ಒಂದು ಹಿಡಿಸೋವಷ್ಟು ಅಗಲದ ನಳಿಗಿ. ಹಂಗಾಗಿ ಅದು ಸಣ್ಣ ಸಾಮಾನಲ್ಲ. ಹೆಗಲಿಗಿ ಸರಿ ಒತ್ತಿ ಹಿಡೀದಿದ್ರ ಹೆಗಲು ಎರಡು ದಿನ ಎತ್ತಲಿಕ್ಕಾಗಂಗಿಲ್ಲ.

ಅಪ್ಪ ಅದನ್ನ ಎಷ್ಟು ಸಲ ಹಾರಿಸ್ಯಾನ ಅಂದ್ರ, ನನಗ ತಿಳುವಳಿಕೆ ಬಂದ ಮ್ಯಾಲ ನಾಲ್ಕೋ ಐದೋ. ಉಳಿದ ಹೊತ್ತೆಲ್ಲ ಅದನ್ನ ಕಾಯೋದೇ ಕೆಲಸ. ಲೈಸನ್ಸ್ ಮುಗಿದ್ರ ಕಲಬುರಗಿಗಿ ಹೋಗು, ಡಿ.ಸಿ. ಆಫೀಸಿನಾಗ ಅರ್ಜಿ ಕೊಡು. ಚುನಾವಣೆ ಬಂತಂದ್ರ ಠಾಣೆಗಿ ಒಯ್ದು ಜಮಾ ಮಾಡು, ಮುಗಿದ ಮ್ಯಾಲ ಹೋಗಿ ಬಿಡಿಸ್ಕೊಂಡು ಬಾ. ಗ್ರಾಮ ಪಂಚಾಯ್ತಿ ಅಂತೊಮ್ಮೆ, ಅಸೆಂಬ್ಲಿ ಅಂತೊಮ್ಮೆ, ಲೋಕಸಭಾ ಅಂತೊಮ್ಮೆ. ಒಂದು ವರ್ಷ ತೊಗರಿ ಕಾಯಿ ಕಟ್ಟೋ ಹೊತ್ತಿನಾಗ, ಹಂದಿ ಬರೋ ಹೊತ್ತಿನಾಗೇ, ಬಂದೂಕು ಠಾಣ್ಯಾಗ ಕುಂತಿತ್ತು.

ಒಂದು ರಾತ್ರಿ ಮಾತು ಹೇಳಲೇಬೇಕು. ತೊಗರಿ ಎದಿಮಟ ಇತ್ತು. ಸಪ್ಪಳ ಕೇಳಿ ಅಪ್ಪ ಬಂದೂಕು ಎತ್ತಿದ. ನಾನು ಬ್ಯಾಟರಿ ಹಿಡಿದಿದ್ದೆ. ಗಿಡ ಅಲುಗಾಡ್ತಿತ್ತು, ಎರಡು ಕಣ್ಣು ಮಿಂಚಿದಂಗಾತು. ಅಪ್ಪ ಹಾರಿಸ್ಲಿಲ್ಲ, "ಯಾರದು?" ಅಂತ ಜೋರಾಗಿ ಒದರಿದ. ಬಾಜೂ ಹೊಲದ ಕಾಕಾ, ತಪ್ಪಿಸ್ಕೊಂಡ ಎಮ್ಮಿ ಹುಡುಕ್ತಾ ಬಂದಿದ್ದ. ಮಿಂಚಿದ್ದು ಎಮ್ಮಿ ಕಣ್ಣು, ಅದರ ಹಿಂದ ಎರಡು ಹೆಜ್ಜಿ ಅಂತರದಾಗ ಕಾಕಾ. ಅಪ್ಪ ಬದುವಿನ ಮ್ಯಾಲ ಕುಂತುಬಿಟ್ಟ. ಕೈ ನಡಗ್ತಿತ್ತು, ಬೀಡಿ ಹಚ್ಚಲಿಕ್ಕೂ ಆಗ್ಲಿಲ್ಲ. ಆವತ್ತಿನಿಂದ ಬಂದೂಕು ಹೊಲಕ್ಕ ಬಂದಿಲ್ಲ. ಅಪ್ಪ ತೀರ್ಕೊಂಡ ಮ್ಯಾಲ ನಾನು ನನ್ನ ಹೆಸರಿಗಿ ಮಾಡಿಸ್ಕೊಳ್ಳದೆ ಕಾಯ್ದೆ ಪ್ರಕಾರ ಜಮಾ ಮಾಡೀನಿ.

ಮುಗಿಲಿಗಿ ಹಾರಿಸಿ ಹೆದರಸ್ತೀನಿ ಅಂತಾರ ಕೆಲವರು. ಮುಗಿಲಿಗಿ ಹೋದ ಸೀಸಾ ಮುಗಿಲಾಗೇ ಇರಂಗಿಲ್ಲ. ಹೊಲದಾಗ ನಾವೊಬ್ಬರೇ ಮಲಗಿರಂಗಿಲ್ಲ.

ಕೇಳಿದವರು:
ಕಾಕಾ, ಓದಿ ಮೈ ಜುಂ ಅಂತು. ಹಂಗಾದ್ರ ಏರ್ ಗನ್? ಅದಕ್ಕ ಲೈಸನ್ಸ್ ಬ್ಯಾಡ ಅಂತಾರಲ್ಲ?

ಕಲಬುರಗಿಯಿಂದ, ವಕೀಲಿ ಮಾಡುವವರು:
ಇಲ್ಲಿ ಎರಡು ಕಾಯ್ದೆಗಳನ್ನು ಒಂದರೊಳಗೊಂದು ಸೇರಿಸಿ ಗೊಂದಲ ಮಾಡಿಕೊಳ್ಳುತ್ತಾರೆ, ಬಿಡಿಸಿ ಹೇಳುತ್ತೇನೆ. ಕೈಯಲ್ಲಿ ಆಯುಧ ಇಟ್ಟುಕೊಳ್ಳಬಹುದೇ ಎಂಬುದು 1959ರ ಆಯುಧ ಕಾಯ್ದೆ ಮತ್ತು 2016ರ ನಿಯಮಗಳ ಪ್ರಶ್ನೆ. ಅದರಿಂದ ಪ್ರಾಣಿಗೆ ಹೊಡೆಯಬಹುದೇ ಎಂಬುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಶ್ನೆ. ಮೊದಲನೆಯದಕ್ಕೆ ಹೌದು ಎಂದ ಮಾತ್ರಕ್ಕೆ ಎರಡನೆಯದಕ್ಕೂ ಹೌದು ಎಂದಾಗುವುದಿಲ್ಲ.

ಏರ್ ಗನ್ನಿನ ನಳಿಗೆ 0.177 ಇಂಚು, ಅಂದರೆ ನಾಲ್ಕೂವರೆ ಮಿಲಿಮೀಟರ್ ಮೀರದೆ, ಗುಂಡಿನ ಶಕ್ತಿ 20 ಜೌಲ್ ದಾಟದೆ ಇದ್ದರೆ ಲೈಸನ್ಸ್ ಬೇಡ. ಆದರೆ ಅದೇ ಏರ್ ಗನ್ನಿನಿಂದ ಮೊಲಕ್ಕೆ ಹೊಡೆದರೆ ಅದು ಬೇಟೆಯೇ. ಸಾಯಿಸಿದರೆ ಮಾತ್ರ ಬೇಟೆ ಎಂದುಕೊಳ್ಳಬೇಡಿ. ಗಾಯ ಮಾಡುವುದು, ಉರುಳು ಹಾಕುವುದು, ಹಾಗೆ ಮಾಡಲು ಪ್ರಯತ್ನಿಸುವುದು ಎಲ್ಲವೂ ಕಾಯ್ದೆಯ ಲೆಕ್ಕದಲ್ಲಿ ಬೇಟೆ. ಇನ್ನು ಅಷ್ಟು ಸಣ್ಣ ಗುಂಡು ಚಿಗರಿಯನ್ನು ಬೀಳಿಸುವುದೂ ಇಲ್ಲ. ಚರ್ಮದೊಳಗೆ ಕೂತು ಕೀವಾಗುತ್ತದೆ, ಪ್ರಾಣಿ ಎಲ್ಲೋ ಹೋಗಿ ದಿನಗಟ್ಟಲೆ ನರಳುತ್ತದೆ. ಕಾನೂನು ಬದಿಗಿಟ್ಟರೂ ಇದು ಮಾಡುವ ಕೆಲಸವಲ್ಲ.

ಕೃಷ್ಣಮೃಗ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ ಪ್ರಾಣಿ. ಶಿಕ್ಷೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬೆಳೆ ತಿಂದಿತು ಎಂಬ ಕಾರಣಕ್ಕೆ ಅದನ್ನು ಕೊಲ್ಲಲು ಯಾರೂ ಅನುಮತಿ ಕೊಡುವಂತಿಲ್ಲ. ಮನುಷ್ಯನ ಜೀವಕ್ಕೆ ಅಪಾಯವಿದ್ದರೆ, ಇಲ್ಲವೇ ಪ್ರಾಣಿ ಚೇತರಿಸಿಕೊಳ್ಳಲಾಗದಷ್ಟು ಊನ ಅಥವಾ ರೋಗಕ್ಕೆ ತುತ್ತಾಗಿದ್ದರೆ ಮಾತ್ರ, ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತವಾಗಿ ಆದೇಶಿಸಬಹುದು. ಹಂದಿಯದು ಎರಡನೇ ಅನುಸೂಚಿ. ನಿಂತ ಬೆಳೆಗೆ ಅಪಾಯವಿದ್ದರೆ ಅನುಮತಿ ಕೊಡಲು ಅಲ್ಲಿ ದಾರಿ ಇದೆ, ಆದರೆ ಅಧಿಕಾರಿಯಿಂದ ಕಾರಣ ಸಮೇತ ಬರಹದಲ್ಲಿ ಬಂದರೆ ಮಾತ್ರ. ಬಾಯಿಮಾತಿನಲ್ಲಿ "ಹೊಡ್ಕೋ ಹೋಗು" ಎಂದು ಯಾರಾದರೂ ಅಂದರೆ ಅದು ಅನುಮತಿ ಅಲ್ಲ.

ನೀವು ಇವತ್ತೇ ಮಾಡಬೇಕಾದ ಕೆಲಸ ಬೇರೆ ಇದೆ. ಎರಡು ಸಲ ಬಿತ್ತಿದ್ದೇನೆ ಎಂದಿರಿ, ಮೊದಲ ಸಲದ ಹಾನಿಗೆ ಅರ್ಜಿ ಕೊಟ್ಟಿದ್ದೀರಾ? ಹೆಜ್ಜೆ ಗುರುತು, ಮೇಯ್ದ ಸಾಲು ಕಾಣುವಂತೆ ಫೋಟೊ ತೆಗೆಯಿರಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಹಚ್ಚಿ ವಲಯ ಅರಣ್ಯಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಹೊಲ ಹರಗಿ ಮತ್ತೆ ಬಿತ್ತಿದ ಮೇಲೆ ಹೋದರೆ ನೋಡಲು ಬಂದವರಿಗೆ ಏನೂ ಕಾಣುವುದಿಲ್ಲ. ಪರಿಹಾರ ನಷ್ಟದಷ್ಟು ಬರುವುದಿಲ್ಲ, ತಡವೂ ಆಗುತ್ತದೆ. ಆದರೂ ಕೊಡಿ.

ಚಿಂಚೋಳಿಯಿಂದ:
ನಾನು ಸೋಲಾರ್ ತಂತಿ ಬೇಲಿ ಹಾಕಿಸಿ ನಾಲ್ಕು ವರ್ಷಾತು. ಹಂದಿಗಿ ಛಲೋ ಕೆಲಸ ಮಾಡ್ತದ, ಆದ್ರ ಹಾಕಿಸಿ ಮರೆತ್ರ ಬರೇ ತಂತಿ. ಮೊದಲನೇ ವರ್ಷ ಬ್ಯಾಸಗಿ ಮುಂದ ಹಂದಿ ಆರಾಮ ಒಳಗ ಬಂದ್ವು. ಬ್ಯಾಟರಿ ಸರಿ ಇತ್ತು, ತಂತಿಗಿ ಝಟಕಾ ಕಳಿಸೋ ಡಬ್ಬಿ ಟಕ್ ಟಕ್ ಅಂತಿತ್ತು. ನೋಡಿದ್ರ ಎರಿ ಭೂಮಿ ಒಣಗಿ ಬಿರುಕು ಬಿಟ್ಟು ಅರ್ಥಿಂಗ್ ಸಳಿ ಸುತ್ತ ಕೈ ಹೋಗೋವಷ್ಟು ಸಂದಿ ಆಗಿತ್ತು. ಮಣ್ಣಿಗೇ ಹತ್ತಿರಲಿಲ್ಲ ಅಂದ್ರ ಝಟಕಾ ಎಲ್ಲಿಂದ ಬರಬೇಕು? ಈಗ ಸಳಿ ಬಾವಿ ದಂಡಿಗಿ ಹೊಡೆದೀನಿ, ಸುತ್ತ ಇದ್ದಿಲು, ಉಪ್ಪು ಹಾಕಿ ಎಂಟು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕ್ತೀನಿ. ಇನ್ನೊಂದು, ಹುಲ್ಲು ಬೆಳೆದು ತಂತಿಗಿ ಹತ್ತಿದ್ರ ಕರೆಂಟೆಲ್ಲ ಅಲ್ಲೇ ಇಳಿದು ಹೋಗ್ತದ. ಕೆಳಗಿನ ತಂತಿ ನೆಲದಿಂದ ಒಂದು ಗೇಣು ಇರ್ಲಿ. ಹಂದಿ ಮೂತಿಗಿ ಬಡೀಬೇಕು, ಬೆನ್ನಿಗಲ್ಲ.

ಚಿಗರಿ ಹಾರಿ ಬರ್ತಾವ ಅಂತ ಎಲ್ಲರೂ ಮ್ಯಾಲ ತಂತಿ ಏರಿಸ್ತಾರ. ನಾನು ನೋಡಿದ್ದು ಅವು ಬಗ್ಗಿ ಕೆಳಗಿಂದ ನುಸುಳೋದೇ ಹೆಚ್ಚು.

ಕೈ ಮುಗಿದು ಹೇಳ್ತೀನಿ, ಕಂಬದಿಂದ ನೇರ ಕರೆಂಟ್ ಎಳೆದು ತಂತಿಗಿ ಕೊಡಬ್ಯಾಡ್ರಿ. ಸೋಲಾರ್ ಡಬ್ಬಿ ಸೆಕೆಂಡಿಗಿ ಒಮ್ಮೆ ಬಡಿದು ಬಿಡ್ತದ, ಕೈ ತೆಗೀಲಿಕ್ಕ ಹೊತ್ತು ಸಿಗ್ತದ. ಕಂಬದ್ದು ಹಿಡಿದ್ರ ಬಿಡಂಗಿಲ್ಲ. ನಮ್ಮ ಕಡೆ ಹಂದಿಗಿ ಅಂತ ಹಾಕಿದ ತಂತಿಗಿ ಹಾಕಿದವರ ಮನಿಯವರೇ ಹೋಗ್ಯಾರ.

ಸೇಡಂದಿಂದ:
ನಾನು ಒಬ್ಬಾಕೇ ಹೊಲ ಮಾಡ್ತೀನಿ, ಮಗ ಹೈದರಾಬಾದಿನಾಗ ಇರ್ತಾನ. ಬಂದೂಕು ಹಿಡಿಯೋರು ಯಾರು ನಮ್ಮಲ್ಲಿ? ಹಿಂಗಾರಿ ಬಿತ್ತುವಾಗ ಜೋಳದ ಸುತ್ತ ಆರು ಸಾಲು ಕುಸುಬಿ ಹಾಕ್ತೀನಿ, ನಮ್ಮತ್ತಿ ಕಾಲದಿಂದ ಹಂಗೇ. ಬಲಿತ ಕುಸುಬಿ ಮುಳ್ಳು ದನದ ಮೂತಿಗೂ ಚುಚ್ತದ, ಹಂದಿ ಮೂತಿಗೂ ಚುಚ್ತದ. ಎಣ್ಣಿನೂ ಮನಿಗಿ ಆಗ್ತದ. ಆದ್ರ ಎಳೀ ಕುಸುಬಿಗಿ ಮುಳ್ಳಿಲ್ಲ ತಮ್ಮಾ, ಅದನ್ನೇ ಪಲ್ಯಾ ಅಂತ ನಾವು ತಿಂತೀವಿ, ಚಿಗರಿ ಬಿಡ್ತಾವೇನು? ಮೊದಲ ಒಂದೂವರೆ ತಿಂಗಳು ಕಾಯಲೇಬೇಕು. ಆಗ ಹಳೀ ಸೀರಿ ಕಟ್ತೀನಿ. ಒಂದೇ ಕಡೆ ಬಿಟ್ರ ಎಂಟು ದಿನದಾಗ ಅವಕ್ಕ ರೂಢಿ ಆಗ್ತದ. ಸೀರಿ ಜಾಗಾ ಬದಲಿ ಮಾಡ್ತಿರಬೇಕು.

ಕಲಬುರಗಿಯಿಂದ, ಎನ್.ಸಿ.ಸಿ. ಮಾಡಿದವರು:
ಅಣ್ಣಾ, ಹೊಲದ ಮಾತು ಬಿಟ್ಟು ಒಂದು ಕೇಳ್ತೀನಿ. ನಿಮಗೆ ಗುರಿ ಹೊಡೆಯೋದು ಕಲಿಯಬೇಕು ಅನ್ನೋ ಆಸೆ ಒಳಗೊಳಗೇ ಇದ್ದರೆ ಅದು ತಪ್ಪಲ್ಲ. ಕಾಲೇಜಲ್ಲಿ .22 ರೈಫಲ್ ಹಿಡಿದಾಗ ನನಗೂ ಹುಚ್ಚು ಹಿಡಿದಿತ್ತು. ಹತ್ತು ಮೀಟರ್ ಏರ್ ರೈಫಲ್ ಕಲಿಯಿರಿ. ಆ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದರಲ್ಲೇ. ಉಸಿರು ಬಿಟ್ಟು, ಬೆರಳು ಒತ್ತೋದು ಗೊತ್ತಾಗದ ಹಾಗೆ ಒತ್ತೋದು ಕಲಿಯಲಿಕ್ಕೇ ನನಗೆ ಆರು ತಿಂಗಳು ಬೇಕಾಯಿತು.

ಸುರಪುರದಿಂದ:
ನಾವು ಬ್ಯಾಡರ ಮನಿಯವರು. ನಮ್ಮ ಅಜ್ಜ ಬ್ಯಾಟಿ ಆಡಿದವ. ಉಗಾದಿ ಮುಂದ ಊರ ಮಂದಿ ನಾಯಿ, ಬಲಿ ತಗೊಂಡು ಮೊಲಕ್ಕ ಹೋಗ್ತಿದ್ರು ಅಂತ ಹೇಳ್ತಿದ್ದ. 72ರ ಕಾಯ್ದೆ ಬಂದ ಮ್ಯಾಲ ಬಿಟ್ಟ. ನಾನು ಸಣ್ಣಾವ ಇದ್ದಾಗ ಬಂದೂಕು ಕಲಿಸು ಅಂತ ಅತ್ತಿದ್ದೆ. ಅವ ನನ್ನ ಮುಂಜಾನಿ ನಸುಕಿನಾಗ ಎಬ್ಬಿಸಿ ಹೊಲಕ್ಕ ಕರ್ಕೊಂಡು ಹೋಗಿ ಬದುವಿನ ಹಿಂದ ಕೂಡಿಸ್ತಿದ್ದ. ಎಂಟು ದಿನ ಬರೇ ನೋಡೋದು. ಚಿಗರಿ ಯಾವ ಕಡೆಯಿಂದ ಬರ್ತಾವ, ಮುಂದ ಯಾವ ಹೆಣ್ಣು ನಡೀತದ, ಕರೀ ಗಂಡು ಎಲ್ಲಿ ನಿಂದರ್ತದ, ಗಾಳಿ ತಿರುಗಿದ್ರ ಏನು ಮಾಡ್ತಾವ.

ಆ ಎಂಟು ದಿನದಾಗ ನಾ ತಿಳ್ಕೊಂಡಿದ್ದು ಇವತ್ತಿಗೂ ಹೊಲ ಕಾಯ್ತದ. ಚಿಗರಿ ಬಯಲಿನ ಪ್ರಾಣಿ, ದೂರ ಕಾಣದ ಕಡೆ ಅದಕ್ಕ ಜೀವ ನಿಲ್ಲಂಗಿಲ್ಲ. ತೊಗರಿ ಹೆಗಲಮಟ ಆತಂದ್ರ ಒಳಗ ಹೋಗಲಿಕ್ಕ ಹೆದರ್ತದ. ಅದರ ಕಾಟ ಅಂದ್ರ ಮೊಳಕಿಯಿಂದ ಮೊಣಕಾಲಮಟ ಬೆಳೆಯೋತನಕ, ಅದೂ ಬೆಳಕು ಹರಿಯೋ ಹೊತ್ತು ಮತ್ತ ಸಂಜಿಮುಂದ. ಹಂದಿದು ಪೂರಾ ಬ್ಯಾರೆ, ಅದು ರಾತ್ರಿ ಕೆಲಸ. ಎರಡಕ್ಕೂ ಒಂದೇ ಬಂದೂಕು ಕೇಳ್ತೀಯಲ್ಲ ತಮ್ಮಾ, ಎರಡಕ್ಕೂ ಒಂದೇ ಉಪಾಯ ಇಲ್ಲ.

ಕೈಯಾಗ ಏನರೆ ಹಿಡೀಬೇಕು ಅನಿಸಿದ್ರ ಕವಣಿ ಹಿಡಿ. ಪುಂಡಿ ನಾರಿಂದು. ಮಂಚಿಕಿ ಮ್ಯಾಲ ನಿಂತು ಬೀಸಿದ್ರ ಬಾರುಕೋಲು ಬಡಿದಂಗ ಚಟಾರ್ ಅಂತದ, ಅದಕ್ಕೇ ಅರ್ಧ ಹಿಂಡು ಓಡ್ತದ. ಕಲ್ಲು ಪ್ರಾಣಿಗಿ ಬಡೀಬಾರದು, ಅದರ ಬಾಜೂ ನೆಲಕ್ಕ ಬಡೀಬೇಕು. ಯಾವ ಕಡೆ ಓಡಿಸಬೇಕೋ ಅದರ ಎದುರು ಬಾಜೂಕ. ನಮ್ಮವ್ವ ಜೋಳದ ಹೊಲದಾಗ ಗುಬ್ಬಿಗೂ ಇದನ್ನೇ ಬೀಸ್ತಿದ್ದಳು.

ಕೇಳಿದವರು:
ಎಲ್ಲರಿಗೂ ಭಾಳ ಉಪಕಾರ ಆತು. ಇವತ್ತು ಫೋಟೊ ಹಚ್ಚಿ ಅರ್ಜಿ ಕೊಟ್ಟು ಬಂದೀನಿ, ಸ್ವೀಕೃತಿ ಸಿಕ್ತು. ಎರಡನೇ ಬಿತ್ತಿಗಿ ಮೊಳಕಿ ಬಂದಾವ, ಬಾಜೂ ಹೊಲದ ಇಬ್ಬರನ್ನ ಸೇರಿಸ್ಕೊಂಡು ನಸುಕಿಗೆ ಪಾಳಿ ಹಚ್ಚೀವಿ. ಹಂದಿಗಿ ಬದುವಿನ ಕಡೆ ಒಂದೇ ಬಾಜೂ ಸೋಲಾರ್ ತಂತಿ ಎಳೀಬೇಕು ಅಂತ ಮಾಡೀನಿ, ರೊಕ್ಕ ಅಷ್ಟೇ ಅದ. ಸುರಪುರದ ಕಾಕಾ, ಪುಂಡಿ ನಾರು ಮನ್ಯಾಗ ಅದ. ಕವಣಿ ಎಷ್ಟು ಉದ್ದ ಹೆಣೀಬೇಕು?

ಸುರಪುರದಿಂದ:
ಒಂದು ಬಾಜೂ ಅಷ್ಟೇ ತಂತಿ ಹಾಕಿದ್ರ ಹಂದಿ ಸುತ್ತಿ ಬರ್ತಾವ. ಎರಡೂ ತುದಿ ಹತ್ತು ಹತ್ತು ಮಾರು ಒಳಗ ಬಾಗಿಸು. ಕವಣಿ ನಡುವ ಅಂಗೈಯಷ್ಟು ಬಟ್ಟಲು ಹೆಣಿ, ಕಲ್ಲು ಜಾರದಂಗ ಗುಂಡಿ ಇರ್ಲಿ. ಎರಡು ಎಳಿ ಹಗ್ಗ, ಮಡಚಿ ಕೈ ಇಳಿಬಿಟ್ರ ಬಟ್ಟಲು ಮೊಣಕಾಲಿಗಿ ಬರಬೇಕು, ನೆಲಕ್ಕ ಹತ್ತಬಾರದು. ಒಂದು ಎಳಿ ತುದಿಗಿ ಕುಣಿಕಿ ಹಾಕಿ ನಡುಬೆರಳಿಗಿ ಸಿಕ್ಕಿಸು, ಇನ್ನೊಂದರ ತುದಿಗಿ ಗಂಟು, ಅದನ್ನ ಹೆಬ್ಬೆರಳಾಗ ಹಿಡಿ. ಒಂದೇ ಸುತ್ತು ತಿರುವಿ ಗಂಟು ಬಿಡು. ಮೊದಲ ಎರಡು ದಿನ ಮಂದಿ, ದನ ಇಲ್ಲದ ಬಯಲಿಗಿ ಹೋಗಿ ಮಣ್ಣಿನ ಹೆಂಟಿ ಹಾಕಿ ಬೀಸಿ ನೋಡು. ಕಲಿಯೋರ ಕಲ್ಲು ಹಿಂದಕ್ಕೂ ಹಾರ್ತದ.