ತವರಿನ ಟ್ರ್ಯಾಕ್‌ನಲ್ಲಿ ಚೇಸ್ ಎಲಿಯಟ್: ಊರಿನ ಬಲ ಅಂತ ಒಂದಿದೆಯಾ?

ಮಲೆನಾಡಿಗ:
ಅಮೆರಿಕದ ಕಾರ್ ರೇಸ್ ನಾಸ್ಕಾರ್ ನೋಡುವವರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. 2025ರ ಜೂನ್ 28ರ ರಾತ್ರಿ ಅಟ್ಲಾಂಟಾ ರೇಸ್ ಗೆದ್ದದ್ದು ಚೇಸ್ ಎಲಿಯಟ್. ಜಾರ್ಜಿಯಾದ ಡಾಸನ್‌ವಿಲ್ ಊರಿನ ಹುಡುಗ. ಟ್ರ್ಯಾಕ್ ಇರುವುದೂ ಅದೇ ರಾಜ್ಯದ ಹ್ಯಾಂಪ್ಟನ್‌ನಲ್ಲಿ. ಕೊನೆಯ ಸುತ್ತಿನಲ್ಲಿ ಬ್ರ್ಯಾಡ್ ಕೆಸೆಲೋಸ್ಕಿಯನ್ನು ಹಿಂದೆ ಹಾಕಿದ. ಅದಕ್ಕೂ ಮುಂಚೆ 44 ರೇಸ್ ಗೆಲುವೇ ಇರಲಿಲ್ಲ. ಅವತ್ತಿನಿಂದ ಎಲ್ಲರೂ "ತವರಿನ ಜನ ಗೆಲ್ಲಿಸಿದರು" ಅನ್ನುತ್ತಿದ್ದಾರೆ.

ನಾನು ಒಪ್ಪುವುದಿಲ್ಲ. ಕ್ರಿಕೆಟ್‌ನಲ್ಲಿ ತವರಿಗೆ ಅರ್ಥ ಇದೆ, ಪಿಚ್ ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು. ಇಲ್ಲಿ ಎಲ್ಲರಿಗೂ ಒಂದೇ ಡಾಂಬರು, ಒಂದೇ ನಿಯಮ, ಒಂದೇ ನಮೂನೆಯ ಕಾರು. ಹೆಲ್ಮೆಟ್ ಹಾಕಿ ಇಂಜಿನ್ ಪಕ್ಕ ಕೂತವನಿಗೆ ಜನರ ಕೂಗು ಕೇಳುವುದೂ ಇಲ್ಲ. ಅದೂ ಅಲ್ಲದೆ ಈಗಿನ ಅಟ್ಲಾಂಟಾ ಅಂದರೆ ಗುಂಪು ಓಟ. ಯಾರು ಯಾರನ್ನು ನೂಕುತ್ತಾರೆ ಅನ್ನುವುದರ ಮೇಲೆ ಗೆಲುವು. ಅವತ್ತು ಚೇಸ್‌ಗೆ ಅದೃಷ್ಟ ಕೂಡಿ ಬಂತು, ಅಷ್ಟೇ ಅಲ್ವಾ?

ಪಿಟ್‌ಸ್ಟಾಪ್:
ಮಲೆನಾಡಿಗ ಅವರೇ, ಅರ್ಧ ಒಪ್ಪುತ್ತೇನೆ. ತವರು ಟ್ರ್ಯಾಕ್ ಅಂದರೆ ಮೂಲೆ ಮೂಲೆ ಗೊತ್ತಿರುವ ಟ್ರ್ಯಾಕ್ ಅಂದುಕೊಳ್ಳುತ್ತೇವೆ. ಅಟ್ಲಾಂಟಾ ವಿಷಯದಲ್ಲಿ ಅದು ನಡೆಯುವುದಿಲ್ಲ. ಚೇಸ್ ಅಪ್ಪ ಬಿಲ್ ಎಲಿಯಟ್ ಅಲ್ಲಿ ಐದು ಸಲ ಗೆದ್ದಿದ್ದಾರೆ: 1985ರಲ್ಲಿ ಎರಡು, 1987ರಲ್ಲಿ ಒಂದು, 1992ರಲ್ಲಿ ಎರಡು. ಆದರೆ ಆ ಟ್ರ್ಯಾಕ್ ಈಗ ಇಲ್ಲ. 1997ರಲ್ಲಿ ಅದರ ಆಕಾರವನ್ನೇ ಬದಲಾಯಿಸಿದರು. ಆಗ ಹಾಕಿದ ಡಾಂಬರು ಇಪ್ಪತ್ತು ವರ್ಷಕ್ಕೂ ಜಾಸ್ತಿ ಉಳಿಯಿತು. ಸವೆದು ಸವೆದು ಟೈರ್ ತಿನ್ನುವ ನೆಲ ಆಯಿತು. ಡ್ರೈವರ್‌ಗಳಿಗೆ ಅದೇ ಇಷ್ಟ. ಟೈರ್ ಉಳಿಸಿಕೊಂಡು, ಕಾರು ಜಾರಿದಾಗ ಹಿಡಿದು ಓಡಿಸುವವನೇ ಅಲ್ಲಿ ಗೆಲ್ಲುತ್ತಿದ್ದ.

2022ಕ್ಕೆ ಅದನ್ನೂ ಕಿತ್ತು ಹಾಕಿದರು. ತಿರುವಿನ ಇಳಿಜಾರು 24 ಡಿಗ್ರಿ ಇದ್ದದ್ದು 28 ಆಯಿತು. ತಿರುವಿನ ಅಗಲ 40 ಅಡಿಗೆ ಇಳಿಯಿತು. ಇಂಜಿನ್ ಶಕ್ತಿಯನ್ನು ಸುಮಾರು 510 ಅಶ್ವಶಕ್ತಿಗೆ ಕಟ್ಟಿ ಹಾಕಿದರು. ಬೇರೆ ಹೆಚ್ಚಿನ ಟ್ರ್ಯಾಕ್‌ಗಳಲ್ಲಿ ಆಗ ಇದ್ದದ್ದು 670. ಹಾಗಾಗಿ ಯಾರೂ ಬಿಟ್ಟು ಓಡಲಾರರು, ಎಲ್ಲರೂ ಒಂದೇ ಗುಂಪಿನಲ್ಲಿ ಬಂಪರ್‌ಗೆ ಬಂಪರ್ ತಾಗಿಸಿ ಓಡುತ್ತಾರೆ. ಅಪ್ಪ ಮಗನಿಗೆ ಹೇಳಿಕೊಡುವಂಥದ್ದು ಆ ನೆಲದಲ್ಲಿ ಏನೂ ಉಳಿದಿಲ್ಲ. 2025ರಲ್ಲಿ ಹೆಸರನ್ನೂ ಬದಲಾಯಿಸಿದರು, ಈಗ ಅದು ಎಕೋಪಾರ್ಕ್ ಸ್ಪೀಡ್‌ವೇ.

ಆದರೆ ಅದೃಷ್ಟ ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಅದಕ್ಕೆ ಆಮೇಲೆ ಬರುತ್ತೇನೆ.

ಕಮ್ಮಿಂಗ್ ಕನ್ನಡತಿ:
ನಾವಿರುವುದು ಕಮ್ಮಿಂಗ್‌ನಲ್ಲಿ, ಡಾಸನ್‌ವಿಲ್‌ಗೆ ಪಕ್ಕದ ಕೌಂಟಿ. ಈ ಕಡೆಯ ಕನ್ನಡದವರಿಗೆ ಡಾಸನ್‌ವಿಲ್ ಅಂದರೆ ಔಟ್‌ಲೆಟ್ ಮಾಲ್, ಅಷ್ಟೇ ಗೊತ್ತು. ಊರಿಗೆ ಬಂದವರನ್ನು ಶೂ, ಬ್ಯಾಗ್ ಕೊಡಿಸೋಕೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಮಾಲ್ ದಾಟಿ ಸ್ವಲ್ಪ ಒಳಗೆ ಹೋದರೆ ಹಳೆ ಊರು ಸಿಗುತ್ತದೆ. ಅಲ್ಲಿ ಪೂಲ್ ರೂಮ್ ಅಂತ ಒಂದು ಚಿಕ್ಕ ಹೋಟೆಲ್. ಬರ್ಗರ್ ಸಿಗುತ್ತದೆ, ಗೋಡೆ ತುಂಬಾ ಎಲಿಯಟ್ ಮನೆತನದ ಫೋಟೋಗಳು, ಪೇಪರ್ ಕಟಿಂಗ್‌ಗಳು. ಎಲಿಯಟ್ ಗೆದ್ದ ದಿನ ಅಲ್ಲಿ ಸೈರನ್ ಊದುತ್ತಾರೆ. 1983ರಲ್ಲಿ ಬಿಲ್ ಮೊದಲ ಸಲ ಗೆದ್ದಾಗ ಶುರುವಾದ ಪದ್ಧತಿ ಅದು, ಈಗ ಮಗನಿಗೂ ನಡೆಯುತ್ತಿದೆ.

ಸ್ಮಶಾನದಲ್ಲಿ ಲಾಯ್ಡ್ ಸೀ ಅನ್ನುವ ಹುಡುಗನ ಸಮಾಧಿ ಇದೆ. ಕಲ್ಲಿನ ಮೇಲೆ ಅವನ ಫೋರ್ಡ್ ಕಾರನ್ನು ಕೆತ್ತಿದ್ದಾರೆ, ಅದರ ಕಿಟಕಿ ಜಾಗದಲ್ಲಿ ಅವನ ಫೋಟೋ ಕೂರಿಸಿದ್ದಾರೆ. ಬೆಟ್ಟದ ಮೇಲೆ ಕಾಯಿಸಿದ ಕಳ್ಳಭಟ್ಟಿಯನ್ನು ರಾತ್ರಿ ಹೊತ್ತು ಅಟ್ಲಾಂಟಾಕ್ಕೆ ಸಾಗಿಸುತ್ತಿದ್ದವನು. 1941ರಲ್ಲಿ ಅಟ್ಲಾಂಟಾದ ಲೇಕ್‌ವುಡ್ ಟ್ರ್ಯಾಕ್‌ನಲ್ಲಿ ದೊಡ್ಡ ರೇಸ್ ಗೆದ್ದ. ಮಾರನೇ ದಿನ ಸಕ್ಕರೆ ಲೆಕ್ಕದ ಜಗಳದಲ್ಲಿ ದಾಯಾದಿಯೇ ಗುಂಡು ಹೊಡೆದು ಕೊಂದ. ಆಗ ಅವನಿಗೆ 21 ವರ್ಷ. ಸಕ್ಕರೆ ಭಟ್ಟಿಗೆ ಬೇಕಾದದ್ದು, ಗೊತ್ತಲ್ಲ. ಅವನಿಗೆ ಕಾರು ಕೊಡುತ್ತಿದ್ದ ರೇಮಂಡ್ ಪಾರ್ಕ್ಸ್ ಕೂಡ ಡಾಸನ್‌ವಿಲ್‌ನವರೇ. 1949ರಲ್ಲಿ ನಾಸ್ಕಾರ್‌ನ ಈ ಮುಖ್ಯ ಸರಣಿ, ಅಂದರೆ ಕಪ್ ಸರಣಿ, ಶುರುವಾದ ವರ್ಷವೇ ಚಾಂಪಿಯನ್ ಆದ ರೆಡ್ ಬೈರನ್ ಓಡಿಸಿದ್ದು ಪಾರ್ಕ್ಸ್ ಅವರ ಕಾರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಈ ಆಟಕ್ಕೂ ಆ ಊರಿಗೂ ಇರುವ ನಂಟು ಡಾಂಬರು ಬದಲಾದರೆ ಹೋಗುವಂಥದ್ದಲ್ಲ. ಕೂಗು ಕೇಳುವುದಿಲ್ಲ ಅಂದಿರಿ. ರೇಸ್ ಶುರುವಾದ ಮೇಲೆ ಕೇಳುವುದಿಲ್ಲ, ಸರಿ. ಅದಕ್ಕೆ ಮುಂಚೆ ಡ್ರೈವರ್‌ಗಳನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆಯುತ್ತಾರಲ್ಲ, ಆಗ ಚೇಸ್ ಕಾರಿನ 9ನೇ ನಂಬರ್ ಅಂದ ಕೂಡಲೇ ಹೆಸರು ಹೇಳುವುದಕ್ಕೂ ಬಿಡದೆ ಇಡೀ ಸ್ಟ್ಯಾಂಡ್ ಎದ್ದು ನಿಲ್ಲುತ್ತದೆ. ನಾನು ಅಲ್ಲಿ ಕೂತು ನೋಡಿದ್ದೇನೆ, ಮೈ ಜುಮ್ ಅನ್ನುತ್ತದೆ. ಅದು ಅವನಿಗೆ ತಟ್ಟುವುದಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಶಾರ್ಲೆಟ್ ಶಿವು:
ಅಕ್ಕ, ತಟ್ಟುತ್ತದೆ. ಆದರೆ ಯಾವ ಕಡೆಗೆ ತಟ್ಟುತ್ತದೆ ಅನ್ನುವುದೇ ಪ್ರಶ್ನೆ. ನಾನಿರುವ ನಾರ್ತ್ ಕ್ಯಾರೊಲೈನಾದ ಕಥೆ ಕೇಳಿ. ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಊರು ಕನಾಪೊಲಿಸ್, ಶಾರ್ಲೆಟ್ ಟ್ರ್ಯಾಕ್‌ಗೆ ತೀರಾ ಹತ್ತಿರ. ಹದಿನೈದು ವರ್ಷ ಸತತವಾಗಿ ಜನರ ಅಚ್ಚುಮೆಚ್ಚಿನ ಡ್ರೈವರ್ ಅಂತ ಆಯ್ಕೆಯಾದವರು. ನಾಸ್ಕಾರ್‌ನ ಅತಿ ದೊಡ್ಡ ರೇಸ್ ಡೇಟೋನಾ 500 ಎರಡು ಸಲ ಗೆದ್ದವರು. 2000ದಲ್ಲಿ ಶಾರ್ಲೆಟ್‌ನ ಆಲ್‌ಸ್ಟಾರ್ ರೇಸ್ ಗೆದ್ದರು, ಆದರೆ ಅದಕ್ಕೆ ಚಾಂಪಿಯನ್‌ಶಿಪ್ ಪಾಯಿಂಟ್ ಇಲ್ಲ. ಪಾಯಿಂಟ್ ಇರುವ ರೇಸ್ ಒಂದನ್ನೂ ಅಲ್ಲಿ ಗೆಲ್ಲದೆ ನಿವೃತ್ತರಾದರು.

2011ರ ಕೋಕಾ ಕೋಲಾ 600 ನೆನಪಿದೆಯಾ? 600 ಮೈಲಿಯ ರೇಸ್. ಜೂನಿಯರ್ ಆಗ ಮೂರು ವರ್ಷದಿಂದ ಗೆದ್ದಿರಲಿಲ್ಲ. ಕೊನೆಯ ಸುತ್ತು, ಮುಂದಿರುವುದು ಅವರೇ, ಕೊನೆಯ ತಿರುವಿಗೆ ಬಂದಿದ್ದಾರೆ. ಅಲ್ಲಿ ಪೆಟ್ರೋಲ್ ಖಾಲಿ! ಕಾರು ನಿಧಾನ ಆಯಿತು, ಕೆವಿನ್ ಹಾರ್ವಿಕ್ ಮುಂದೆ ಹೋಗಿ ಗೆದ್ದ. ಜೂನಿಯರ್‌ಗೆ ಏಳನೇ ಸ್ಥಾನ. ಜನರ ಪ್ರೀತಿಯಿಂದ ಕಾರು ಓಡುವುದಾದರೆ ಅವತ್ತು ಟ್ಯಾಂಕ್ ತುಂಬಿ ತುಳುಕಬೇಕಿತ್ತು.

ಬಯಲುಸೀಮೆ:
ಶಿವು ಹೇಳಿದ್ದು ಸರಿ. ನಮ್ಮ ಆರ್‌ಸಿಬಿಯನ್ನೇ ನೋಡಿ. 2025ರಲ್ಲಿ ಚಿನ್ನಸ್ವಾಮಿಯಲ್ಲಿ ಮೊದಲ ಮೂರೂ ಪಂದ್ಯ ಸೋತರು, ಹೊರಗಡೆ ಆಡಿದ ಏಳೂ ಲೀಗ್ ಪಂದ್ಯ ಗೆದ್ದರು. ಕಪ್ ತಂದದ್ದು ಹೊರಗಿನ ಆಟ. ಮನೆಯವರು ನೋಡುತ್ತಿದ್ದಾರೆ ಅಂದರೆ ಕೈ ಬಿಗಿಯಾಗುತ್ತದೆ.

ಡ್ರೈವರ್‌ಗೆ ತವರಿನ ವಾರ ಅಂದರೆ ಕೆಲಸವೂ ಜಾಸ್ತಿ. ಪ್ರಾಯೋಜಕರ ಅತಿಥಿಗಳು, ಟೀವಿ, ಪೇಪರ್‌ನವರು, ಟಿಕೆಟ್ ಕೇಳುವ ನೆಂಟರು, ಶಾಲೆಯ ಗೆಳೆಯರು. ಎಲ್ಲರಿಗೂ ಐದು ನಿಮಿಷ ಬೇಕು. ಆಮೇಲೆ ಹೋಗಿ 50 ಡಿಗ್ರಿ ದಾಟುವ ಕಾರಿನೊಳಗೆ ಮೂರು ಗಂಟೆ ಕೂರಬೇಕು. ಅದೂ ಜೂನ್ ತಿಂಗಳ ಜಾರ್ಜಿಯಾ.

ಕಮ್ಮಿಂಗ್ ಕನ್ನಡತಿ:
ಹೌದು, ಭಾರ ಇದೆ. ಅದನ್ನು ಹೊತ್ತುಕೊಂಡು ಗೆದ್ದದ್ದಕ್ಕೇ ಬೆಲೆ ಅನ್ನುತ್ತೇನೆ ನಾನು. ಜೂನಿಯರ್ ಕಥೆಗೆ ಎದುರಾಗಿ ಟೋನಿ ಸ್ಟೀವರ್ಟ್ ಇದ್ದಾರಲ್ಲ. ಇಂಡಿಯಾನಾದವರು, ಇಂಡಿಯಾನಾಪೊಲಿಸ್ ಗೆಲ್ಲಬೇಕು ಅನ್ನುವುದೇ ಆಸೆ. 1999ರಿಂದ ಕಪ್ ಕಾರಿನಲ್ಲಿ ಅಲ್ಲಿ ಓಡುತ್ತಾ ಬಂದು 2005ರಲ್ಲಿ ಗೆದ್ದರು. ಗೆದ್ದ ಮೇಲೆ ಬೇಲಿ ಹತ್ತಿ ಜನರ ಹತ್ತಿರ ಹೋದರು. ಆ ವರ್ಷದ ಚಾಂಪಿಯನ್‌ಶಿಪ್ ಕೂಡ ಅವರದೇ. 2007ರಲ್ಲಿ ಇನ್ನೊಂದು ಸಲ ಗೆದ್ದರು.

ಮಲೆನಾಡಿಗ:
ಒಬ್ಬರು ಗೆದ್ದರು, ಒಬ್ಬರು ಸೋತರು. ಅಂದರೆ ತವರು ಕಾರಣ ಅಲ್ಲ ಅಂತಲೇ ಆಯಿತಲ್ಲ! ಅದೃಷ್ಟದ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ. ಜೂನ್ ರೇಸ್‌ನಲ್ಲಿ 69ನೇ ಸುತ್ತಿಗೇ ಇಪ್ಪತ್ತಕ್ಕೂ ಜಾಸ್ತಿ ಕಾರು ಒಂದಕ್ಕೊಂದು ಗುದ್ದಿಕೊಂಡವು. ಅದೇ ರೇಸ್‌ನಿಂದ ಶುರುವಾದ ಇಬ್ಬಿಬ್ಬರ ನಾಕೌಟ್ ಸ್ಪರ್ಧೆಯಲ್ಲಿ ಮೊದಲ ಶ್ರೇಯಾಂಕದ ಡೆನ್ನಿ ಹ್ಯಾಮ್ಲಿನ್, 32ನೇ ಶ್ರೇಯಾಂಕದ ಟೈ ಡಿಲನ್‌ಗೆ ಸೋತು ಹೊರಗೆ ಹೋದರು. 2024ರ ಫೆಬ್ರವರಿಯಲ್ಲಿ ಅದೇ ಟ್ರ್ಯಾಕ್‌ನಲ್ಲಿ ಡೇನಿಯಲ್ ಸುವಾರೆಜ್ 0.003 ಸೆಕೆಂಡಿನಲ್ಲಿ ಗೆದ್ದ, ಮೂರು ಕಾರು ಒಟ್ಟಿಗೆ ಗೆರೆ ದಾಟಿದವು. ಇದಕ್ಕೆ ಲಾಟರಿ ಅನ್ನದೆ ಏನನ್ನಬೇಕು?

ಪಿಟ್‌ಸ್ಟಾಪ್:
ಈಗ ಬಂದೆ. ಲಾಟರಿ ಆದರೆ ಒಬ್ಬನೇ ಮತ್ತೆ ಮತ್ತೆ ಗೆಲ್ಲಬಾರದು. ಚೇಸ್ ಅಲ್ಲಿ ಎರಡನೇ ಸಲ ಗೆದ್ದದ್ದು ಇದು. ಮೊದಲನೆಯದು 2022ರ ಜುಲೈ 10. ಅವತ್ತು 260 ಸುತ್ತಿನಲ್ಲಿ 96 ಸುತ್ತು ಅವನೇ ಮುಂದಿದ್ದ. ಜಾರ್ಜಿಯಾದವನೊಬ್ಬ ಅಲ್ಲಿ ಗೆದ್ದದ್ದು 1992ರ ನಂತರ ಅದೇ ಮೊದಲು. 1992ರಲ್ಲಿ ಗೆದ್ದದ್ದು ಯಾರು? ಅವನ ಅಪ್ಪ.

ಗುಂಪಿನಲ್ಲಿ ಮುಂದೆ ಇರುವುದು ಹೇಗೆ ಅಂತ ಗಮನಿಸಿ. ಮುಂದಿನವನು ಕನ್ನಡಿ ನೋಡಿಕೊಂಡೇ ಓಡಿಸಬೇಕು. ಸ್ಟ್ಯಾಂಡ್‌ನ ಮೇಲೆ ನಿಂತ ಸ್ಪಾಟರ್ ರೇಡಿಯೋದಲ್ಲಿ ಹೇಳುತ್ತಲೇ ಇರುತ್ತಾನೆ: ಹೊರಗಿನ ಸಾಲು ಬರ್ತಿದೆ, ಒಳಗಿನ ಸಾಲು ಬರ್ತಿದೆ, ಈಗ ದಾರಿ ಖಾಲಿ. ಹಿಂದಿನ ಕಾರು ಬಂಪರ್‌ಗೆ ತಾಗಿದಾಗ ನೂಕು ಸಿಗುತ್ತದೆ, ಆದರೆ ತಿರುವಿನಲ್ಲಿ ಸ್ವಲ್ಪ ಓರೆಯಾಗಿ ತಾಗಿದರೂ ಸಾಕು, ಮುಂದಿನ ಕಾರು ಗಿರಕಿ ಹೊಡೆಯುತ್ತದೆ. ಸಾಲು ಬದಲಾಯಿಸಿ ಅಡ್ಡ ಹೋಗುವುದು ಅರ್ಧ ಸೆಕೆಂಡ್ ತಡವಾದರೆ ದೊಡ್ಡ ಅಪಘಾತ. ಮುಂಚೆ ಆದರೆ ಇನ್ನೊಂದು ಸಾಲು ತೆರೆದು ಕೊಟ್ಟ ಹಾಗೆ. 2022ರಲ್ಲಿ ಕೊನೆಯ ಸುತ್ತಿನಲ್ಲಿ ಕೋರಿ ಲಜಾಯ್ ಹೊರಗಿನಿಂದ ಬಂದ, ಚೇಸ್ ಮೇಲಕ್ಕೆ ಹೋಗಿ ದಾರಿ ಕಟ್ಟಿದ, ಲಜಾಯ್ ಗೋಡೆಗೆ ಹೋದ. ಲೆಕ್ಕ ಹಾಕಿಯೇ ಮಾಡಿದ್ದು ಅದು.

ಬಯಲುಸೀಮೆ:
ಅಲ್ಲೇ ನನಗೆ ಬೇಜಾರು, ಗುರು. ಲಜಾಯ್ ಸಣ್ಣ ತಂಡದವನು. ಕಪ್ ಸರಣಿಯಲ್ಲಿ ಒಂದೂ ಗೆದ್ದಿರಲಿಲ್ಲ. ಎರಡು ಸುತ್ತು ಬಾಕಿ ಇರುವವರೆಗೂ ಮುಂದಿದ್ದ. ಅವನನ್ನು ಗೋಡೆಗೆ ಹತ್ತಿಸಿ ಗೆದ್ದದ್ದು ನ್ಯಾಯ ಅನ್ನಿಸಲಿಲ್ಲ. ತವರಿನ ಜನ ಚಪ್ಪಾಳೆ ಹೊಡೆದರು, ಸರಿ. ಬೇರೆ ಯಾರಾದರೂ ಚೇಸ್‌ಗೆ ಹಾಗೆ ಮಾಡಿದ್ದರೆ ಅದೇ ಜನ ಕೂಗಿ ಓಡಿಸುತ್ತಿದ್ದರು.

ಪಿಟ್‌ಸ್ಟಾಪ್:
ಬೇಜಾರು ಅರ್ಥ ಆಗುತ್ತದೆ. ಆದರೆ ಕೊನೆಯ ಸುತ್ತಿನಲ್ಲಿ ಮುಂದಿರುವವನು ದಾರಿ ಕಟ್ಟದೆ ಬಿಡಬೇಕಾ? ಲಜಾಯ್ ಮುಂದಿದ್ದಿದ್ದರೆ ಅವನೂ ಅದನ್ನೇ ಮಾಡಬೇಕಿತ್ತು. ಗುದ್ದಿ ತಿರುಗಿಸಿದ್ದರೆ ನಾನೇ ನಿಮ್ಮ ಜೊತೆ ನಿಲ್ಲುತ್ತಿದ್ದೆ.

ಶಾರ್ಲೆಟ್ ಶಿವು:
ಅಪ್ಪ ಗೆದ್ದ 1992ರ ನವೆಂಬರ್ ರೇಸ್ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ಈ ಆಟದ ದಂತಕಥೆ ರಿಚರ್ಡ್ ಪೆಟಿ ಅವರ ಕೊನೆಯ ರೇಸ್ ಅದು, ಮುಂದೆ ದೊಡ್ಡ ಹೆಸರು ಮಾಡಿದ ಜೆಫ್ ಗಾರ್ಡನ್ ಅವರ ಮೊದಲ ಕಪ್ ರೇಸ್ ಕೂಡ ಅದೇ. ಬಿಲ್ ತವರಿನಲ್ಲಿ ರೇಸ್ ಗೆದ್ದರು, ಚಾಂಪಿಯನ್‌ಶಿಪ್ ಕಳೆದುಕೊಂಡರು! ಅಲನ್ ಕುಲ್ವಿಕಿ ಎರಡನೆಯವರಾಗಿ ಬಂದು 10 ಪಾಯಿಂಟ್‌ನಲ್ಲಿ ಚಾಂಪಿಯನ್ ಆದರು. ಅತಿ ಹೆಚ್ಚು ಸುತ್ತು ಮುಂದಿದ್ದವರಿಗೆ ಆಗ 5 ಪಾಯಿಂಟ್ ಜಾಸ್ತಿ ಕೊಡುತ್ತಿದ್ದರು. ಕುಲ್ವಿಕಿ 103 ಸುತ್ತು, ಬಿಲ್ 102. ಆ ಐದು ಪಾಯಿಂಟ್ ಈ ಕಡೆ ಬಂದಿದ್ದರೆ ಇಬ್ಬರೂ ಸಮ. ಸಮ ಆದರೆ ಜಾಸ್ತಿ ರೇಸ್ ಗೆದ್ದವರಿಗೆ ಪಟ್ಟ. ಬಿಲ್ ಆ ವರ್ಷ ಐದು ಗೆದ್ದಿದ್ದರು, ಕುಲ್ವಿಕಿ ಎರಡು. ಊರಿನವರ ಕಣ್ಣೆದುರು ಒಂದು ಸುತ್ತಿನ ಲೆಕ್ಕದಲ್ಲಿ ಹೋಯಿತು. ಕುಲ್ವಿಕಿ ತಮ್ಮದೇ ಚಿಕ್ಕ ತಂಡ ಕಟ್ಟಿ ಗೆದ್ದವರು, ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೂ ಬಿಲ್‌ಗೆ ಅವತ್ತು ರಾತ್ರಿ ನಿದ್ದೆ ಹೇಗೆ ಬಂತೋ.

ಕಮ್ಮಿಂಗ್ ಕನ್ನಡತಿ:
ಶಿವು, ಇಲ್ಲಿನ ವಯಸ್ಸಾದವರು ಆ ರೇಸ್ ಬಗ್ಗೆ ಮಾತಾಡುವಾಗ ಇನ್ನೂ ತಲೆ ಅಲ್ಲಾಡಿಸುತ್ತಾರೆ. ಮಗನ ಪಾಡೂ ಸುಲಭ ಇರಲಿಲ್ಲ. 2023ರ ಮಾರ್ಚ್‌ನಲ್ಲಿ ಸ್ನೋಬೋರ್ಡ್ ಆಡುವಾಗ ಕಾಲು ಮುರಿದುಕೊಂಡು ಆರು ರೇಸ್ ತಪ್ಪಿಸಿಕೊಂಡ. ಅದರಲ್ಲಿ ಅಟ್ಲಾಂಟಾ ಕೂಡ ಒಂದು. ತವರಿನ ರೇಸ್ ಅವನಿಲ್ಲದೆ ನಡೆಯಿತು, ಆ ಕಾರನ್ನು ಬೇರೆಯವರು ಓಡಿಸಿದರು. ಅದಾದ ಮೇಲೆ 44 ರೇಸ್‌ನ ಬರ. ಹೀಗಾಗಿಯೇ ಜೂನ್ 28 ಇಲ್ಲಿನವರಿಗೆ ಅಷ್ಟು ದೊಡ್ಡದು.

ಮಲೆನಾಡಿಗ:
ಇದು ನನಗೆ ಹಿಡಿಸಿತು. ಇಲ್ಲಿನ ಜನಕ್ಕೆ ದೊಡ್ಡದು ಅನ್ನುವುದರಲ್ಲಿ ನನಗೆ ತಕರಾರಿಲ್ಲ. ಕಾರು ಜೋರಾಗಿ ಓಡಲು ಅದು ಕಾರಣ ಅನ್ನುವುದಕ್ಕೆ ಮಾತ್ರ ತಕರಾರು. ಪಿಟ್‌ಸ್ಟಾಪ್ ಅವರೇ, ಒಂದೇ ಒಂದು ಪ್ರಶ್ನೆ. ಕೊನೆಯ ಸುತ್ತಿನಲ್ಲಿ ಚೇಸ್‌ನನ್ನು ನೂಕಿದ್ದು ಅಲೆಕ್ಸ್ ಬೋಮನ್. ಬೋಮನ್ ತಾನೇ ಗೆಲ್ಲಲು ಹೋಗಬಹುದಿತ್ತಲ್ಲ?

ಪಿಟ್‌ಸ್ಟಾಪ್:
ಹೋಗಬಹುದಿತ್ತು. ಆದರೆ ಇಬ್ಬರೂ ಹೆಂಡ್ರಿಕ್ ತಂಡದವರು, ಇಬ್ಬರದೂ ಷೆವ್ರೊಲೆ. ಕೆಸೆಲೋಸ್ಕಿಯದು ಫೋರ್ಡ್. ಬೋಮನ್ ಒಬ್ಬನೇ ಪಕ್ಕಕ್ಕೆ ಎಳೆದಿದ್ದರೆ ಹಿಂದಿನಿಂದ ನೂಕುವವರು ಬೇಕು. ಇಲ್ಲದಿದ್ದರೆ ಗಾಳಿ ಎದೆಗೆ ಹೊಡೆದು ಕಾರು ನಿಂತ ಹಾಗೆ ಆಗುತ್ತದೆ, ಹಿಂದಿದ್ದವರೆಲ್ಲ ದಾಟಿ ಹೋಗುತ್ತಾರೆ. ತಂಡದ ಕಾರಿನ ಹಿಂದೆ ನಿಂತು ನೂಕಿದರೆ ಇಬ್ಬರೂ ಮುಂದಕ್ಕೆ ಬರುತ್ತಾರೆ. ಬೋಮನ್ ಕೊನೆಗೆ ಮೂರನೆಯವನಾಗಿ ಬಂದ.

ಇನ್ನೊಂದು ವಿಷಯ. ಬೋಮನ್ ನೂಕಿದ, ಸರಿ. ಆದರೆ ಆ ನೂಕನ್ನು ನೇರವಾಗಿ ತೆಗೆದುಕೊಂಡು, ಕೆಸೆಲೋಸ್ಕಿ ದಾರಿ ಮುಚ್ಚುವ ಮುಂಚೆ ಮೂಗು ತೂರಿಸಿದ್ದು ಚೇಸ್. ಕೆಸೆಲೋಸ್ಕಿ ಈ ನಮೂನೆಯ ಓಟದಲ್ಲಿ ಪಳಗಿದ ಕೈ, ಇದೇ ಥರ ಗುಂಪು ಓಟ ನಡೆಯುವ ತಲ್ಲಡೇಗಾ ಟ್ರ್ಯಾಕ್‌ನಲ್ಲೇ ಆರು ಸಲ ಗೆದ್ದವನು. ಅವನೆದುರು ಜಾಗ ಹುಡುಕಿದ್ದಾನೆ. ರೆಕಾರ್ಡಿಂಗ್ ಇದ್ದರೆ ಕೊನೆಯ ಸುತ್ತನ್ನು ಚೇಸ್ ಕಾರಿನೊಳಗಿನ ಕ್ಯಾಮರಾದಲ್ಲಿ ನೋಡಿ. ಸ್ಟೇರಿಂಗ್ ಎಷ್ಟು ಕಮ್ಮಿ ಅಲುಗುತ್ತದೆ ಅಂತ ಗಮನಿಸಿ, ಆಮೇಲೆ ಲಾಟರಿ ಅನ್ನುವ ಮಾತನ್ನು ಮುಂದುವರಿಸೋಣ.