ಸಿಂಗಪುರದಲ್ಲಿ ನಾಲ್ಕು ದಿನ: ಸಸ್ಯಾಹಾರಿ ಅಪ್ಪ-ಅಮ್ಮನ ಜೊತೆ ಏನು ನೋಡಬಹುದು, ಎಲ್ಲಿ ಉಣ್ಣಬಹುದು?

ಮಲ್ಲಿಗೆ_ದಂಡೆ:
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಅಪ್ಪ-ಅಮ್ಮನ ಜೊತೆ ಸಿಂಗಪುರಕ್ಕೆ ಹೊರಟಿದ್ದೇವೆ. ಇಬ್ಬರಿಗೂ ಎಪ್ಪತ್ತರ ಹತ್ತಿರ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಥೀಮ್ ಪಾರ್ಕ್ ಬೇಡ. ದಿನವನ್ನು ಹೇಗೆ ಹಂಚಿಕೊಳ್ಳಬೇಕು? ಓಡಾಟಕ್ಕೆ ಮೆಟ್ರೋ ಸಾಕಾ? ಮೂರು ಹೊತ್ತೂ ಲಿಟ್ಲ್ ಇಂಡಿಯಾಕ್ಕೇ ಓಡಬೇಕಾ, ಬೇರೆ ಕಡೆಯೂ ಊಟ ಸಿಗುತ್ತಾ?

ತೆಂಕಣಗಾಳಿ:
ಮೊದಲು ಬಿಸಿಲಿನ ಲೆಕ್ಕ ಹಾಕಿ, ಜಾಗಗಳ ಪಟ್ಟಿ ಆಮೇಲೆ. ವರ್ಷವಿಡೀ ಮಧ್ಯಾಹ್ನ 31ರಿಂದ 33 ಡಿಗ್ರಿ, ಮೇಲೆ ವಿಪರೀತ ಸೆಕೆ. ಹನ್ನೊಂದರಿಂದ ನಾಲ್ಕರವರೆಗೆ ಹಿರಿಯರನ್ನು ಬಯಲಲ್ಲಿ ನಡೆಸಿದರೆ ಆ ದಿನದ ಸಂಜೆ ಕೈಬಿಟ್ಟಂತೆಯೇ.

ಬೆಳಿಗ್ಗೆಗೆ ಬೊಟಾನಿಕ್ ಗಾರ್ಡನ್ಸ್. 1859ರ ತೋಟ, 2015ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಬೆಳಿಗ್ಗೆ ಐದಕ್ಕೇ ತೆರೆಯುತ್ತದೆ, ಪ್ರವೇಶ ಉಚಿತ. ಒಳಗಿನ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. 60 ದಾಟಿದವರಿಗೆ ರಿಯಾಯಿತಿ ಇದೆ, ಪಾಸ್‌ಪೋರ್ಟ್ ಜೊತೆಗಿರಲಿ. ಮೆಟ್ರೋ ಇಳಿಯುವುದು ತೋಟದ ಉತ್ತರದ ತುದಿಯಲ್ಲಿ, ಅಲ್ಲಿಂದ ಆರ್ಕಿಡ್‌ವರೆಗೆ ದೂರದ ನಡಿಗೆ. ಹಿರಿಯರಿದ್ದರೆ ಟ್ಯಾಕ್ಸಿಯಲ್ಲಿ ನೇರ ನ್ಯಾಸಿಮ್ ಗೇಟಿಗೆ ಹೋಗಿ.

ಮಧ್ಯಾಹ್ನಕ್ಕೆ ಗಾರ್ಡನ್ಸ್ ಬೈ ದ ಬೇಯ ಕ್ಲೌಡ್ ಫಾರೆಸ್ಟ್ ಇಟ್ಟುಕೊಳ್ಳಿ. ಗಾಜಿನ ಮನೆಯೊಳಗೆ 35 ಮೀಟರ್ ಜಲಪಾತ. ಒಳಗೆ ತಂಪು, ಅಮ್ಮನಿಗೆ ಶಾಲು ಬೇಕಾಗುತ್ತದೆ. ಲಿಫ್ಟ್‌ನಲ್ಲಿ ತುದಿಗೆ ಹೋಗಿ ಇಳಿಯುತ್ತಾ ನೋಡುವುದರಿಂದ ಮಂಡಿಗೆ ಹೆಚ್ಚು ಭಾರವಿಲ್ಲ.

ಅಲ್ಲೇ ಸಂಜೆ 7.45ಕ್ಕೆ ಸೂಪರ್‌ಟ್ರೀಗಳ (ಮರದಾಕಾರದ ಎತ್ತರದ ಗೋಪುರಗಳ) ದೀಪ-ಸಂಗೀತ, ಉಚಿತ, ಕಾಲು ಗಂಟೆ. ಮುಗಿದ ಮೇಲೆ ಮೇಲ್ಸೇತುವೆಯಿಂದ ಮರೀನಾ ಬೇ ಸ್ಯಾಂಡ್ಸ್ ಹೋಟೆಲ್ ದಾಟಿ ನೀರಿನ ದಂಡೆಗೆ ಬಂದರೆ 9 ಗಂಟೆಯ ಸ್ಪೆಕ್ಟ್ರಾ ಕಾರಂಜಿಯನ್ನು ನಿಧಾನವಾಗಿ ನೋಡಬಹುದು. 8 ಗಂಟೆಯದನ್ನು ಹಿಡಿಯಲು ಹೊರಟರೆ ಎರಡೂ ಅರ್ಧಂಬರ್ಧ. ಇದನ್ನು ಮೊದಲ ಸಂಜೆಗೇ ಇಡಿ. ಗುಡುಗು-ಮಳೆ ಬಂದು ಪ್ರದರ್ಶನ ನಿಂತರೆ ಇನ್ನೊಂದು ಸಂಜೆ ಕೈಯಲ್ಲಿರುತ್ತದೆ. ಜೂನ್‌ನಲ್ಲಿ ಸುಮಾತ್ರಾ ಕಡೆಯಿಂದ ನಸುಕಿನಲ್ಲೂ ಬಿರುಗಾಳಿ-ಮಳೆ ನುಗ್ಗುತ್ತದೆ. ಒಂದೆರಡು ಗಂಟೆಯಲ್ಲಿ ಬಿಡುತ್ತದೆ, ಹೆದರಿ ದಿನವನ್ನೇ ರದ್ದು ಮಾಡಬೇಡಿ.

ಒಗ್ಗರಣೆ_ಡಬ್ಬಿ:
ಊಟದ ವಿಷಯ ನಾನು ಹೇಳುತ್ತೇನೆ. ಲಿಟ್ಲ್ ಇಂಡಿಯಾದ ಸೆರಂಗೂನ್ ರಸ್ತೆಯ ಸುತ್ತ ಆನಂದ ಭವನ (1924ರಿಂದ), ಕೋಮಲ ವಿಲಾಸ್ (1947ರಿಂದ) ಇವೆ, ಇಡ್ಲಿ-ದೋಸೆಗೆ ಚಿಂತೆಯಿಲ್ಲ. ಆದರೆ ಅಷ್ಟಕ್ಕೇ ನಿಂತರೆ ಸಿಂಗಪುರದ ರುಚಿ ತಪ್ಪಿಹೋಗುತ್ತದೆ.

ವಾಟರ್ಲೂ ಸ್ಟ್ರೀಟಿಗೆ ಹೋಗಿ. ಶ್ರೀಕೃಷ್ಣನ ಗುಡಿ, ಕ್ವಾನ್ ಇಮ್ ದೇವಿಯ ಚೀನೀ ಗುಡಿ ಒಂದರ ಪಕ್ಕ ಒಂದು; ಚೀನೀ ಭಕ್ತರು ಕೃಷ್ಣನಿಗೂ ಊದುಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಹತ್ತಿರದ ಮಿಡಲ್ ರಸ್ತೆಯ ಫಾರ್ಚ್ಯೂನ್ ಸೆಂಟರ್ ಕಟ್ಟಡದಲ್ಲಿ ಸಸ್ಯಾಹಾರಿ ಅಂಗಡಿಗಳು ಸಾಲಾಗಿವೆ. ಬೌದ್ಧ ಪದ್ಧತಿಯವು ಈರುಳ್ಳಿ-ಬೆಳ್ಳುಳ್ಳಿಯನ್ನೂ ಬಿಡುತ್ತವೆ. ತಟ್ಟೆಯಲ್ಲಿ ಮಾಂಸದಂತೆ ಕಾಣುವುದು ಸೋಯಾ ಅಥವಾ ಗೋಧಿಯ ಅಂಟಿನದು, ಅಪ್ಪ-ಅಮ್ಮನಿಗೆ ಮೊದಲೇ ಹೇಳಿಡಿ. ಮೊಟ್ಟೆ ಹಾಕುವ ಅಂಗಡಿಗಳೂ ಇವೆ. 'ನೋ ಎಗ್' ಎಂದು ಪ್ರತಿ ಸಲ ಹೇಳಿ.

ಸಾಮಾನ್ಯ ಹಾಕರ್ ಸೆಂಟರ್‌ನಲ್ಲಿ (ಒಂದೇ ಸೂರಿನಡಿ ಹಲವು ಊಟದ ಅಂಗಡಿಗಳಿರುವ ಜಾಗ) ಎಡವುವುದು ಸಿಗಡಿಯಿಂದ. ಸೊಪ್ಪಿನ ಪಲ್ಯದಂತೆ ಕಾಣುವ ಕಾಂಗ್‌ಕಾಂಗ್‌ನ ಸಂಬಾಲ್‌ನಲ್ಲಿ (ಮೆಣಸಿನಕಾಯಿ ಮಸಾಲೆಯಲ್ಲಿ) ಬೆಲಾಚಾನ್, ಅಂದರೆ ಸಿಗಡಿಯ ಗಟ್ಟಿ ಪೇಸ್ಟ್, ಇರುತ್ತದೆ. ಹಣ್ಣು-ತರಕಾರಿಯ ರೋಜಾಕ್‌ನ ಕಪ್ಪು ಸಾಸ್‌ಗೂ ಸಿಗಡಿ, ಲಾಕ್ಸಾದ (ತೆಂಗಿನಹಾಲಿನ ನೂಡಲ್ ಸಾರಿನ) ಮಸಾಲೆಗೂ ಒಣ ಸಿಗಡಿ. ಬರೀ ಬೇಯಿಸಿದ ಸೊಪ್ಪಿನ ಮೇಲೆ ಆಯ್ಸ್ಟರ್ ಸಾಸ್ ಸುರಿಯುತ್ತಾರೆ. ಕ್ಯಾರೆಟ್ ಕೇಕ್ ಎಂಬುದು ಮೂಲಂಗಿ-ಅಕ್ಕಿಹಿಟ್ಟನ್ನು ಮೊಟ್ಟೆ ಹಾಕಿ ಹುರಿದದ್ದು. ಟೋಸ್ಟ್‌ಗೆ ಸವರುವ ಕಾಯಾದಲ್ಲೂ ತೆಂಗಿನಹಾಲಿನ ಜೊತೆ ಮೊಟ್ಟೆ ಇದೆ. ಪರೋಟದ ಜೊತೆ ಬರುವ ಸಾರು ಮೀನಿನದೋ ಕೋಳಿಯದೋ ಆಗಿರಬಹುದು, ದಾಲ್ ಕೇಳಿ ಹಾಕಿಸಿಕೊಳ್ಳಿ. ಸಿಹಿಗೆ ಚೆಂಡೋಲ್, ಐಸ್ ಕಚಾಂಗ್.

ಕಾಫಿ ಹೇಳುವ ಕ್ರಮ: ಕೋಪಿ ಎಂದರೆ ಕಂಡೆನ್ಸ್ಡ್ ಹಾಲು ಹಾಕಿ ಸಿಹಿ, ಕೋಪಿ-ಸಿ ಎಂದರೆ ಎವಾಪೊರೇಟೆಡ್ ಹಾಲು, ಸಕ್ಕರೆ, ಕೋಪಿ-ಓ ಎಂದರೆ ಹಾಲಿಲ್ಲದ್ದು. ಕೊನೆಗೆ 'ಕೊಸೊಂಗ್' ಸೇರಿಸಿದರೆ ಸಕ್ಕರೆ ಇಲ್ಲ, 'ಸಿಯು ದಾಯ್' ಎಂದರೆ ಸಿಹಿ ಕಡಿಮೆ. ಶುಂಠಿ ಚಹಾ ಬೇಕಾದರೆ ತೇ ಹಾಲಿಯಾ.

ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಆ ಜಾಗ ಹಿಡಿದಾಗಿದೆ ಎಂದು ಅರ್ಥ. ಉಂಡ ತಟ್ಟೆಯನ್ನು ನೀವೇ ಸ್ಟ್ಯಾಂಡಿಗೆ ಒಯ್ದಿಡಬೇಕು, 2021ರಿಂದ ಇದು ಕಡ್ಡಾಯ; ಹಲಾಲ್ ತಟ್ಟೆಗಳ ಸ್ಟ್ಯಾಂಡ್ ಬೇರೆ. ಎಸಿ ರೆಸ್ಟೋರೆಂಟ್‌ನ ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಗುರುತಿದ್ದರೆ 10% ಸೇವಾಶುಲ್ಕ, ಅದರ ಮೇಲೆ 9% ಜಿಎಸ್‌ಟಿ: 100 ಡಾಲರ್ ಊಟಕ್ಕೆ ಬಿಲ್ 119.90. ಟಿಪ್ಸ್ ಕೊಡುವ ರೂಢಿಯಿಲ್ಲ.

ರೈಲುಗಂಬಿ:
ಮೆಟ್ರೋ ಸಾಕು, ತೀರಾ ದಣಿದಾಗ ಟ್ಯಾಕ್ಸಿ. ನಿಮ್ಮ ಕಾಂಟ್ಯಾಕ್ಟ್‌ಲೆಸ್ ವೀಸಾ ಅಥವಾ ಮಾಸ್ಟರ್‌ಕಾರ್ಡನ್ನೇ ಗೇಟಿಗೆ ಮುಟ್ಟಿಸಬಹುದು, ಆದರೆ ತಲೆಗೊಂದು ಕಾರ್ಡ್ ಬೇಕು. ವಿದೇಶಿ ಕಾರ್ಡ್‌ಗೆ ಬಳಸಿದ ದಿನಕ್ಕಿಷ್ಟೆಂದು ಸಣ್ಣ ಶುಲ್ಕವೂ ಬೀಳುತ್ತದೆ. ಅಪ್ಪ-ಅಮ್ಮನಿಗೆ ಈಝೀ-ಲಿಂಕ್ ಕಾರ್ಡ್ ಕೊಳ್ಳುವುದೇ ಸಲೀಸು. ಗೇಟಿನ ಒಳಗೆ ಹೋಗುವಾಗ ಕಾರ್ಡ್, ಹೊರಗೆ ಬರುವಾಗ ಫೋನ್ ಎಂದು ಬೆರೆಸಿದರೆ ಯಂತ್ರ ಎರಡನ್ನೂ ಬೇರೆ ಬೇರೆ ಪ್ರಯಾಣವೆಂದು ಲೆಕ್ಕ ಹಿಡಿಯುತ್ತದೆ. ಬಸ್ಸಿನಿಂದ ಇಳಿಯುವಾಗಲೂ ಮುಟ್ಟಿಸಿ, ಮರೆತರೆ ಆ ಮಾರ್ಗದ ಪೂರ್ತಿ ದರ ಹೋಗುತ್ತದೆ. ರೈಲಿನಲ್ಲಿ ನೀರನ್ನೂ ಕುಡಿಯುವಂತಿಲ್ಲ, ದುರಿಯನ್ ಹಣ್ಣಂತೂ ಒಯ್ಯಲೇಬಾರದು. ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಮೀಟರ್ ಟ್ಯಾಕ್ಸಿಗೆ 50% ಹೆಚ್ಚು.

ವೀಸಾ ಬೇರೆ, ಅರೈವಲ್ ಕಾರ್ಡ್ (ಆಗಮನದ ಮಾಹಿತಿ ಅರ್ಜಿ) ಬೇರೆ. ಎರಡನೆಯದನ್ನು ಅಲ್ಲಿಗೆ ತಲುಪುವ ಮೂರು ದಿನದೊಳಗೆ ಸರ್ಕಾರಿ ತಾಣದಲ್ಲಿ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ತಾಣ ಅಸಲಿಯಲ್ಲ. ಪ್ಲಗ್ ಮೂರು ಚೌಕ ಪಿನ್ನಿನದು, ಅಡಾಪ್ಟರ್ ಬೇಕು. ನಲ್ಲಿ ನೀರು ಕುಡಿಯಲು ಯೋಗ್ಯ, ಖಾಲಿ ಬಾಟಲಿ ಒಯ್ಯಿರಿ.

ಮಲ್ಲಿಗೆ_ದಂಡೆ:
ತುಂಬಾ ಉಪಕಾರವಾಯಿತು. ಒಂದು ರಾತ್ರಿ ಉಳಿಯುತ್ತದೆ. ನೈಟ್ ಸಫಾರಿಯೋ, ಸೆಂಟೋಸಾವೋ?

ತೆಂಕಣಗಾಳಿ:
ಥೀಮ್ ಪಾರ್ಕ್ ಬೇಡವೆಂದರೆ ಸೆಂಟೋಸಾ ಬಿಡಿ. ನೈಟ್ ಸಫಾರಿಗೆ ಹೋಗಿ: ರಾತ್ರಿ ತೆರೆಯುವ ಮೃಗಾಲಯ, ಟ್ರಾಮ್‌ನಲ್ಲಿ ಕೂತೇ ನೋಡಬಹುದು, ನಡೆಯಲೇಬೇಕೆಂದಿಲ್ಲ. ಪ್ರವೇಶದ ಸಮಯವನ್ನು ಮೊದಲೇ ಕಾದಿರಿಸಿ, 7.15ರ ಮೊದಲ ಸರದಿಗೆ ಟ್ರಾಮ್ ಸಾಲು ಬಹಳ ಉದ್ದ. ಊಟ ಮುಗಿಸಿಕೊಂಡೇ ಹೊರಡಿ. ಹೋಗುವಾಗ ಖಾತಿಬ್ ನಿಲ್ದಾಣದಿಂದ ಶಟಲ್ ಬಸ್ ಹಿಡಿಯಿರಿ, ಬರುವಾಗ ಟ್ಯಾಕ್ಸಿ. ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ, ಪ್ರಾಣಿಗಳ ಕಣ್ಣಿಗೆ ತೊಂದರೆ.