‘ಪರಿಸರ ನ್ಯಾಯ’ ಅಂದರೆ ನಮ್ಮ ಕಡೆ ಜಗಳ ಅಂತ ಕೇಳಿಸುತ್ತದೆ, ಬೇರೆ ಮಾತಿದೆಯಾ?

ಎಲ್ಲರಿಗೂ ನಮಸ್ಕಾರ,

ಒಂದು ಪ್ರಶ್ನಾವಳಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದೇನೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳ ಸುತ್ತಲಿನ ಹಳ್ಳಿಗಳಲ್ಲಿ, ಆಮೇಲೆ ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಕಡೆ ಜನರನ್ನು ಕೇಳಬೇಕು. ಹೊಗೆ, ಧೂಳು, ಬಿಸಿಲಿನ ಕಷ್ಟ ಎಲ್ಲರಿಗೂ ಒಂದೇ ಸಮ ಇದೆಯಾ, ಇಲ್ಲದಿದ್ದರೆ ಅದು ಸರಿ ಅನಿಸುತ್ತದಾ, ಇಷ್ಟೇ ವಿಷಯ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

‘ಎನ್ವಿರಾನ್ಮೆಂಟಲ್ ಜಸ್ಟಿಸ್’ಗೆ ‘ಪರಿಸರ ನ್ಯಾಯ’ ಅಂತ ಬರೆಯುವುದು ರೂಢಿ. ಓದೋಕೆ ಚೆನ್ನಾಗಿದೆ. ಆದರೆ ನಮ್ಮ ಕಡೆ ‘ನ್ಯಾಯ’ಕ್ಕೆ ಜಗಳ ಅನ್ನೋ ಅರ್ಥವೂ ಇದೆಯಲ್ಲ. ‘ಸುಮ್ನ ನ್ಯಾಯ ತಗೀಬ್ಯಾಡ’ ಅಂದರೆ ಜಗಳ ತೆಗೆಯಬೇಡ ಅಂತ. ಹೊಲದ ಬದುವಿನ ತಕರಾರು ಹಿರಿಯರ ಮುಂದೆ ಬಂದರೆ ಅದೂ ನ್ಯಾಯವೇ. ಹಾಗಾಗಿ ‘ನಿಮ್ಮ ಊರಿಗೆ ಪರಿಸರ ನ್ಯಾಯ ಬೇಕೇ?’ ಅಂತ ಕೇಳಿದರೆ, ಮಗ ಅದೇ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ ಮಾಡುವ ಮನೆಯವರು ‘ನಮಗ್ಯಾಕ್ರೀ ಆ ನ್ಯಾಯ’ ಅಂದುಬಿಡುತ್ತಾರೆ, ನಾವು ಅದನ್ನು ‘ಆಸಕ್ತಿ ಇಲ್ಲ’ ಅನ್ನೋ ಚೌಕದಲ್ಲಿ ಗುರುತು ಹಾಕಿ ಬರುತ್ತೇವೆ. ‘ಅನ್ಯಾಯ’ಕ್ಕೆ ಮಾತ್ರ ಈ ತೊಂದರೆ ಇಲ್ಲ, ಅದು ಎಲ್ಲ ಕಡೆಯೂ ಅನ್ಯಾಯವೇ!

‘ಪರಿಸರ’ವೂ ಅಷ್ಟೇ. ಅದು ಜೂನ್ 5ಕ್ಕೆ ಶಾಲೆಯಲ್ಲಿ ಸಸಿ ನೆಡುವ ಪದ. ತೊಗರಿ ಎಲೆ ಮೇಲೆ ಕೂತ ಧೂಳು, ರಾತ್ರಿ ಹೊತ್ತು ಬರುವ ನಾತ, ಇವು ಪರಿಸರದ ಲೆಕ್ಕಕ್ಕೆ ಬರುವುದು ಕಡಿಮೆ.

ಮೂಲದ ಹಿನ್ನೆಲೆ ಹೇಳಿದರೆ ನಿಮಗೆ ಅನುಕೂಲ. ಅಮೆರಿಕದ ನಾರ್ತ್ ಕ್ಯಾರೊಲಿನಾದ ವಾರನ್ ಕೌಂಟಿಯಲ್ಲಿ 1982ರಲ್ಲಿ ಪಿಸಿಬಿ ಅನ್ನೋ ವಿಷ ಸೇರಿದ್ದ ಮಣ್ಣನ್ನು ತಂದು ಹೂಳಿದರು. ಅಲ್ಲಿದ್ದವರು ಹೆಚ್ಚಾಗಿ ಬಡ ಕರಿಯ ಜನ. ಅವರು ಲಾರಿಗಳಿಗೆ ಅಡ್ಡ ಮಲಗಿದರು, 500ಕ್ಕೂ ಜಾಸ್ತಿ ಜನ ಬಂಧನಕ್ಕೊಳಗಾದರು. ಅಂದರೆ ಈ ಪದ ಹುಟ್ಟಿದ್ದು ಗಿಡಮರದ ಕಾಳಜಿಯಿಂದಲ್ಲ, ‘ಈ ಹೊಲಸು ನಮ್ಮ ಊರಿಗೇ ಯಾಕೆ?’ ಅನ್ನೋ ಸಿಟ್ಟಿನಿಂದ. ಆ ಸಿಟ್ಟು ‘ಪರಿಸರ ನ್ಯಾಯ’ದಲ್ಲಿ ನನಗಂತೂ ಕೇಳಿಸುವುದಿಲ್ಲ.

ಇನ್ನು ‘ಬರ್ಡನ್’. ‘ಹೊರೆ’ ಸರಿ ಇದೆ, ಅದರಲ್ಲಿ ತಕರಾರಿಲ್ಲ. ತೊಡಕು ಬರುವುದು ‘ಡಿಸ್‌ಪ್ರಪೋರ್ಷನೇಟ್’ ಹತ್ತಿರ, ಅಂದರೆ ಕೆಲವರ ಮೇಲೆ ಮಾತ್ರ ಅಳತೆ ಮೀರಿ ಬೀಳುವುದು. ಪರಿಸರ ನ್ಯಾಯದ ಬಗ್ಗೆ 1994ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಹೊರಡಿಸಿದ, 2025ರಲ್ಲಿ ರದ್ದಾದ ಆದೇಶದಲ್ಲೂ ಈ ಪದವೇ ಮುಖ್ಯವಾಗಿತ್ತು. ‘ಅಸಮಾನುಪಾತದ ಹೊರೆ’ ಅಂತ ಯಾರ ಮನೆ ಕಟ್ಟೆ ಮೇಲೆ ಕೂತು ಕೇಳೋದು ಹೇಳಿ. ಬಿಸಿಲನ್ನೇ ತಗೊಳ್ಳಿ. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಆದೇಶ ಬರುತ್ತದೆ. ಒಳ್ಳೆಯದೇ. ಶಹಾಬಾದ್ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವವರಿಗೆ, ಗಂಜಿನ (ಮಾರುಕಟ್ಟೆಯ) ಹಮಾಲರಿಗೆ ಆ ಆದೇಶ ಇಲ್ಲ. ಬಿಸಿಲು ಅದೇ, ಪಾಲು ಬೇರೆ. ಇದನ್ನು ಒಂದು ಪದದಲ್ಲಿ ಹೇಳಬೇಕು.

ನಾನು ಸದ್ಯಕ್ಕೆ ‘ಜಾಸ್ತಿ ಪಾಲು’ ಅಂತ ಹಾಕಿದ್ದೇನೆ: ‘ಧೂಳಿನ ಕಷ್ಟದಲ್ಲಿ ನಿಮ್ಮ ಊರಿಗೆ ಜಾಸ್ತಿ ಪಾಲು ಬಂದಿದೆ ಅನಿಸುತ್ತದಾ? ಅದು ಅನ್ಯಾಯ ಅನಿಸುತ್ತದಾ?’ ತಂಡದಲ್ಲಿ ಒಬ್ಬರ ಆಕ್ಷೇಪ, ‘ಅನ್ಯಾಯ’ ಅಂತ ನಾವೇ ಹೇಳಿಬಿಟ್ಟರೆ ಉತ್ತರ ಬಾಯಿಗೆ ಇಟ್ಟಂತೆ ಅಂತ. ಅದೂ ನಿಜವೇ. ‘ಸರಿಯೋ ತಪ್ಪೋ’ ಅಂತ ಕೇಳೋಣ ಅಂದರು, ಅದು ತೀರಾ ಸಪ್ಪೆ ಅನಿಸಿತು. ಇನ್ನೊಂದು ಭಯವೂ ಇದೆ. ‘ಪಾಲಿಗೆ ಬಂದದ್ದು ಪಂಚಾಮೃತ’ ಅನ್ನೋ ಗಾದೆ ಇರುವ ಕಡೆ ‘ಪಾಲು’ ಅಂದರೆ ಹಣೆಬರಹ ಅಂತಾಗಿ, ಯಾರೋ ಹೊರಿಸಿದ್ದು ಅನ್ನೋ ಅರ್ಥ ಬಿಟ್ಟೇ ಹೋಗಬಹುದು.

ಬೀದರಿನವರು ಇದ್ದರೆ ದಯವಿಟ್ಟು ತಿಳಿಸಿ: ಕೊಳಾರ ಕೈಗಾರಿಕಾ ಪ್ರದೇಶದ ಸುತ್ತಲಿನವರು ವಾಸನೆ ಬಗ್ಗೆ ದೂರುವಾಗ ಯಾವ ಮಾತು ಬಳಸುತ್ತಾರೆ? ‘ಹವಾ ಕೆಟ್ಟದ’ ಅನ್ನುತ್ತಾರಾ? ಮತ್ತೆ ‘ನ್ಯಾಯ’ಕ್ಕೆ ಜಗಳ ಅನ್ನೋ ಅರ್ಥ ಮೈಸೂರು, ಮಂಗಳೂರು ಕಡೆಯೂ ಇದೆಯಾ? ಇಲ್ಲದಿದ್ದರೆ ಎರಡು ಬೇರೆ ಪ್ರಶ್ನಾವಳಿ ಮಾಡಬೇಕಾಗುತ್ತದೆ, ಅದಕ್ಕೆ ದುಡ್ಡಿಲ್ಲ.